ಹನ್ನೊಂದು ಸೆಕೆಂಡಿನ ಹುಡುಗಿ

ಹಾಜರಿ ಪುಸ್ತಕದಲ್ಲಿ ನಾನು ಹುಲಿಗೆವ್ವ.
ವಾಸ್ಕೋದ ಮೇಡಂ ದಿನವೂ ಅಲ್ಲಿ ಎಡವುತ್ತಾರೆ,
ಹಿಂದಿನ ಬೆಂಚು ಮಿಯಾಂವ್ ಅನ್ನುತ್ತದೆ.
ರಾತ್ರಿ ಹತ್ತರ ಮೇಲೆ ನಾನು ಸಮುದ್ರಹುಲಿ.
ಮುನ್ನೂರ ಹನ್ನೆರಡು ಮಂದಿ ಕಾಯುತ್ತಿರುತ್ತಾರೆ
ಮುಂದಿನ ಕಂತಿಗೆ.

ಜುವಾರಿನಗರ. ಪಕ್ಕದವರ ಸ್ಲ್ಯಾಬಿನ ಮೇಲೆ ನೀರಿನ ಟಾಕಿ,
ಟಾಕಿಗೊರಗಿ ನಾನು, ಮೊಣಕಾಲ ಮೇಲೆ ಮೊಬೈಲು.
ಗಾಳಿ ತಿರುಗಿದರೆ ಗೊಬ್ಬರ ಕಾರ್ಖಾನೆಯ ಘಾಟು.
ದಾಬೋಳಿಗೆ ಇಳಿಯುವ ವಿಮಾನ
ನೆತ್ತಿಯ ಮೇಲೇ ಹೊಟ್ಟೆ ತೋರಿಸಿ ಹೋಗುತ್ತದೆ.

ಸೀರಿಯಲ್ಲಿನಲ್ಲಿ ಅವಳಿಗೆ ಹೆಸರೂ ಇರಲಿಲ್ಲ.
ನಾಲ್ಕನೇ ಕಂತು, ಮುರಿದು ಬೀಳುತ್ತಿರುವ ಆಕಾಶನೌಕೆ,
ನಾಯಕ ಓಡುವಾಗ ಯಾರಾದರೂ ದೀಪ ಹಿಡಿಯಬೇಕಲ್ಲ,
ಹಿಡಿದಳು. ಹನ್ನೊಂದು ಸೆಕೆಂಡು. ಬಾಗಿಲು ಮುಚ್ಚಿತು.
ನಾಯಕ ಹಿಂತಿರುಗಿ ನೋಡಲಿಲ್ಲ.
ನಾನು ನೋಡಿದೆ. ತಿರುಗಾ ಮುರುಗಾ, ಡೇಟಾ ಮುಗಿಯುವವರೆಗೆ.
ದೀಪದ ಕೈಯಲ್ಲಿ ಒಂದು ಬಳೆ ಕಂಡಿತು.
ಬಳೆ ಇದ್ದರೆ ತೊಡಿಸಿದವರಿರಬೇಕು,
ತೊಡಿಸಿದವರಿದ್ದರೆ ಒಂದು ಊರು,
ಊರು ಅಂದಮೇಲೆ ಜಗಳ.
ಹೀಗೆ ಶುರುವಾಯಿತು.

ನನ್ನ ಮೊಬೈಲಿನ ಗಾಜು ಸೀಳಿತ್ತು. ಸೀಳು ಹಾದದ್ದು
ಸರಿಯಾಗಿ ಳ ಅಕ್ಷರದ ಮೇಲೆ.
ಒತ್ತಿದರೆ ಬೆರಳಿಗೆ ಚುಚ್ಚುತ್ತಿತ್ತೇ ಹೊರತು ಮೂಡುತ್ತಿರಲಿಲ್ಲ.
ಹಾಗಾಗಿ ನನ್ನ ಕಥೆಯಲ್ಲಿ ಮಳೆ ಬರಲಿಲ್ಲ,
ಯಾರೂ ಅಳಲಿಲ್ಲ, ಬೆಳಗಾಗಲಿಲ್ಲ.
ಅವಳು ಎಂದು ಬರೆಯಲಾಗದೆ ಮೊದಲ ರಾತ್ರಿ
ಅರ್ಧ ತಾಸು ಸುಮ್ಮನೆ ಕೂತೆ.
ಆಮೇಲೆ ಅವ್ವ ಅನ್ನುವ ಹಾಗೆ ಆಕಿ ಎಂದೆ.
ಬಂದಳು ಬಾರದು, ಬಂದ್ಲು ಬಂತು.
ಆಕಿ ಬಂದ್ಲು. ಆಕಿ ನಿಂತ್ಲು. ಆಕಿ ನಾಯಕನಿಗೆ ಬೈದ್ಲು.
ಏನು ಶೈಲಿ ನಿನ್ನದು, ಎಂದು ಬರೆದರು ಮಂದಿ.
ಗಾಜಿನ ಸುದ್ದಿ ನಾನು ಎತ್ತಲಿಲ್ಲ.

ಡೊಂಬಿವಲಿಯಿಂದ ಒಬ್ಬಳು ಚಿತ್ರ ಕಳಿಸುತ್ತಾಳೆ,
ಹೆಸರು ಪೆನ್ಸಿಲ್‌ಚೂರು. ಮರಾಠಿ ಶಾಲೆಯವಳು,
ಮನೆಮಾತು ಕನ್ನಡ, ಓದಲು ಬಾರದು.
ನನ್ನ ಕಂತನ್ನು ಅವಳಜ್ಜಿ ಗಟ್ಟಿಯಾಗಿ ಓದುತ್ತಾರಂತೆ,
ಆಕಿ ಎಂದಾಗಲೆಲ್ಲ ನಗುತ್ತಾರಂತೆ,
ಇವಳು ಕೇಳುತ್ತ ಗೀಚುತ್ತಾಳೆ.
ಇನ್ನೊಬ್ಬನಿದ್ದಾನೆ, ಲೆಕ್ಕ ಇಡುವವನು:
ಮೂಲದಲ್ಲಿ ಇದೆಲ್ಲ ಇಲ್ಲ. ಅವಳು ಸತ್ತಾಯಿತು.

ಮೂಲ ಅಂದರೆ ನನಗೆ ಅಪ್ಪ ನೆನಪಾಗುತ್ತಾನೆ.
ಈಗ ಬಂದರಿನಲ್ಲಿ ಕಲ್ಲಿದ್ದಲು ಹೇರುವವ, ಒಂದು ಕಾಲಕ್ಕೆ
ದೊಡ್ಡಾಟದಲ್ಲಿ ಬಾಗಿಲು ಕಾಯುವವ.
ಇಡೀ ರಾತ್ರಿಗೆ ಒಂದೇ ಮಾತು:
‘ಮಹಾರಾಜರು ಬರುತ್ತಲಿರುವರು!’
ಒಂದು ಸಲ ಅಷ್ಟಕ್ಕೇ ನಿಲ್ಲದೆ
‘ನನ್ನ ಕಾಲು ನೋಯುತ್ತಲಿರುವವು!’ ಎಂದುಬಿಟ್ಟನಂತೆ.
ಪರದೆಯ ಹಿಂದೆ ಮಾಸ್ತರ ಕಪಾಳಕ್ಕೆ ಬಿಟ್ಟ.
ಮುಂದೆ ಮಂದಿ ಇನ್ನೂ ಸಿಳ್ಳೆ ಹೊಡೆಯುತ್ತಿದ್ದರು.

ನಿನ್ನೆ ಟಾಕಿಯ ನೀರು ನೋಡಲು ಅವ್ವ ಮೇಲೆ ಬಂದಳು.
ಅಕ್ಷರ ಬಾರದವಳು, ಚಿತ್ರ ನೋಡಿದಳು.
ಹೋಟೆಲಿನ ಚಾದರ ಒಗೆದೊಗೆದು ಸುಕ್ಕಾದ ಎರಡು ಬೆರಳಲ್ಲಿ
ಮುಖ ದೊಡ್ಡದು ಮಾಡಿ ನೋಡಿದಳು.
‘ಯಾರಕಿ? ಭಾಳ ಸೊರಗ್ಯಾಳ.
ಉಣ್ಣಾಕ ಏನ್ ಹಾಕ್ತೀಯವ್ವಾ ಆಕಿಗೆ?’
ಮೂವತ್ತೇಳು ಕಂತು. ಯುದ್ಧ, ಸಂಚು, ಎರಡು ಪ್ರೇಮ.
ಒಂದು ತುತ್ತಿಲ್ಲ.

ಇವತ್ತು ಬೈನಾದ ಅಂಗಡಿಯಲ್ಲಿ ಹೊಸ ಗಾಜು ಹಾಕಿಸಿದೆ,
ಅಪ್ಪನ ಓವರ್‌ಟೈಮಿನ ಹನ್ನೆರಡು ನೂರು.
ಳ ಒತ್ತಿದೆ. ಬಂತು. ಇನ್ನೊಮ್ಮೆ ಒತ್ತಿದೆ,
ಳಳಳಳಳ, ಹುಚ್ಚಿಯ ಹಾಗೆ ಸಾಲು ತುಂಬ.
ಮೂವತ್ತೆಂಟನೇ ಕಂತು. ದೀಪ ಕೆಳಗಿಟ್ಟು ಕೂರುವ ಒಂದು ಮೂಲೆ.
ಜೋಳದ ರೊಟ್ಟಿ ಎಂದು ಬರೆದೆ,
ಇಷ್ಟು ದಿನ ಬರೆಯಲಾಗದಿದ್ದದ್ದು.
ಪುಂಡಿಪಲ್ಯ ಎಂದೆ. ಉಂಡಳು ಎಂದು ಬರೆದು ನೋಡಿದೆ.
ಒರೆಸಿದೆ.
ಆಕಿ ಉಂಡ್ಲು.